ಎರಡು ಸೀಟಿನ ಕಾರು ತಂದ ವರ್ಷ

ಹೋದ ವಾರ ನಮ್ಮ ಶಾಲೆಯ ಮಾಳಿಗೆ ಮೇಲಿನ ಫೈಬರಿನ ನೀರಿನ ಟಾಕಿ ಸೀಳುಬಿಟ್ಟು, ತೇಪೆ ಹಾಕಲು ಒಬ್ಬನನ್ನು ಕರೆಸಿದ್ದರು. ಅವನು ಡಬ್ಬಿಯ ಮುಚ್ಚಳ ತೆಗೆದು ಜೇನುತುಪ್ಪದಂಥ ಅಂಟಿಗೆ ಏನೋ ನಾಲ್ಕು ಹನಿ ಹಾಕಿ ಕಲಸುತ್ತಿದ್ದ. ನಾನು ಕೆಳಗೆ ಒಂಬತ್ತನೇ ತರಗತಿಗೆ ತ್ರಿಕೋನಗಳ ಪಾಠ ಮಾಡುತ್ತಿದ್ದೆ. ಕಿಟಕಿಯಿಂದ ಆ ವಾಸನೆ ಬಂತು. ಮೂಗಿನೊಳಗೆ ಚುಚ್ಚುವ, ಸ್ವಲ್ಪ ಸಿಹಿಯಾದ, ತಲೆನೋವು ತರುವ ವಾಸನೆ. ಮಕ್ಕಳು ಮೂಗು ಮುಚ್ಚಿಕೊಂಡರು. ನನಗೆ ಮೊಣಕೈವರೆಗೆ ತುರಿಕೆ ಎದ್ದಂತಾಯಿತು. ಹಿಂದೊಮ್ಮೆ ಇಡೀ ಮಳೆಗಾಲವನ್ನು ನಾನು ಈ ವಾಸನೆಯಲ್ಲೇ ಕಳೆದಿದ್ದೆ, ಒಂದು ಹಳೆಯ ಕಾರಿನ ಮೈ ಉಜ್ಜುತ್ತ.

ಅದು ನಾವು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ ವರ್ಷ. ಮದುವೆಯಾಗಿ ಎಂಟು ವರ್ಷ ಕಳೆದಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಗುಳಿಗೆ, ಇಂಜೆಕ್ಷನ್, ಸ್ಕ್ಯಾನಿಂಗ್ ಇವುಗಳಲ್ಲೇ ಹೋಗಿತ್ತು. ಆ ಮಾರ್ಚಿನಲ್ಲಿ ಡಾಕ್ಟರಮ್ಮ ರಿಪೋರ್ಟ್ ನೋಡಿ, ಈ ಸಲವೂ ಆಗಿಲ್ಲ, ಬೇಕಿದ್ದರೆ ಇನ್ನೊಮ್ಮೆ ನೋಡೋಣ ಎಂದರು. ವಾಪಸು ಬರುವಾಗ ಬಸ್ಸು ಅಣ್ಣಿಗೇರಿ ದಾಟಿದ ಮೇಲೆ ನಾನು ನನ್ನ ಗಂಡ ವೀರೇಶನಿಗೆ, "ಸಾಕ್ರಿ. ಇನ್ನ ನನ್ನ ಕಡಿಂದ ಆಗೂದಿಲ್ಲ" ಎಂದೆ.

ಅವರು ಕಿಟಕಿಯಾಚೆ ನೋಡುತ್ತ, "ಆತು" ಎಂದರು. ಗದಗಿನ ಸ್ಟ್ಯಾಂಡಿನಲ್ಲಿ ಇಳಿದು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದರು. ಇಬ್ಬರೂ ತಿಂದೆವು. ಮನೆಗೆ ಬಂದ ಮೇಲೆ ಅತ್ತೆಯವರು ಏನಾಯಿತೆಂದು ಕೇಳಲಿಲ್ಲ, ನಾವೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಇರುವವರು ನಾವು ಮೂವರೇ. ಆದರೆ ಆ ಒಂದು ವಿಷಯ ಬಂದರೆ ಮೂವರೂ ಮೂರು ಕೋಣೆಗೆ ಹೋಗುತ್ತಿದ್ದೆವು.

ವೀರೇಶ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ನಾನು ಯಲಬುರ್ಗಾ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಮನೆ ಕೊಪ್ಪಳದಲ್ಲಿ. ದಿನಾ ಬೆಳಿಗ್ಗೆ ಯಲಬುರ್ಗಾ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋ ತುಂಬುವವರೆಗೆ ಕಾದು ಶಾಲೆ ಸೇರುತ್ತಿದ್ದೆ. ಸಂಜೆ ಅದೇ ದಾರಿ ತಿರುಗಿ. ಬಸ್ಸಿನಲ್ಲಿ ಪರಿಚಯದವರು ಪಕ್ಕಕ್ಕೆ ಕೂತರೆ ಎರಡನೆಯ ಪ್ರಶ್ನೆಯೇ, "ಮಕ್ಕಳೆಷ್ಟ್ರೀ ಅಕ್ಕೋರ?" ನಮ್ಮ ಕಡೆ ಹೆಣ್ಣು ಟೀಚರುಗಳನ್ನು ಅಕ್ಕೋರು ಎನ್ನುತ್ತಾರೆ. ಗೌರವದಿಂದಲೇ ಕೇಳುತ್ತಿದ್ದರು, ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ಬರುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ವರ್ಷದ ಅಕ್ಕಿ ತರಲು ಇಬ್ಬರೂ ಗಂಗಾವತಿಗೆ ಹೋದೆವು. ವೀರೇಶನಿಗೆ ಪರಿಚಯವಿದ್ದ ಸುಬ್ಬಾರಾವ್ ಎಂಬವರದು ಅಲ್ಲೊಂದು ಅಕ್ಕಿ ಮಿಲ್ಲು. ಅವರ ಅಜ್ಜ ಆಂಧ್ರದಿಂದ ಬಂದು ಕಾಲುವೆ ಕೆಳಗಿನ ಕ್ಯಾಂಪಿನಲ್ಲಿ ನೆಲೆ ನಿಂತವರು. ಚೀಲ ಹೊಲಿಯುವವರೆಗೆ ನಾನು ಹಿತ್ತಿಲ ಕಡೆ ನೆರಳು ಹುಡುಕಿಕೊಂಡು ಹೋದೆ. ಹೊಟ್ಟಿನ ರಾಶಿಯ ಪಕ್ಕ, ಹರಿದ ತಾಡಪಾಲಿನ ಕೆಳಗೆ ಒಂದು ಕೆಂಪು ಮೂತಿ ಕಾಣಿಸಿತು. ತಾಡಪಾಲು ಸರಿಸಿದೆ. ಸೊಂಟದೆತ್ತರದ ಪುಟ್ಟ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹೊದಿಕೆ. ಕೆಂಪು ಬಣ್ಣ ಬಿಸಿಲಿಗೆ ಬಿಳಚಿ ಗಜ್ಜರಿಯಂತಾಗಿತ್ತು. ಬಾಗಿಲು ತೆಗೆದಾಗ ಒಳಗಿಂದ ಒಂದು ಇಲಿ ಹಾರಿತು.

ಹಿಂದೆಯೇ ಬಂದ ಸುಬ್ಬಾರಾವ್ ನಕ್ಕರು. "ಅದು ನಮ್ಮ ತಮ್ಮಂದು ಮೇಡಮ್. ಗೋವಾ ಕಡೆ ಮಾಡ್ತಿದ್ದರು ಇವನ್ನ, ಈಗ ಆ ಕಂಪನೀನೇ ಇಲ್ಲ. ಮದುವಿಗೆ ಮುಂಚೆ ಹುಚ್ಚು ಹಿಡಿದು ತಗೊಂಡ. ಮಕ್ಕಳಾದ ಮೇಲೆ ಎಲ್ಲಿ ಕೂರಿಸ್ತಾನೆ? ತಂದು ಇಲ್ಲಿ ಒಗೆದು ಹೋದ."

"ಕೊಡ್ತೀರೇನ್ರಿ ಇದನ್ನ?" ಎಂದು ಕೇಳಿದೆ.

ಅವರು ನನ್ನನ್ನು ಬಿಟ್ಟು ವೀರೇಶನ ಮುಖ ನೋಡಿದರು. "ಎರಡೇ ಸೀಟು ಐತಿ ಮೇಡಮ್."

"ನಾವೂ ಇಬ್ಬರ ಅದೀವಲ್ರಿ."

ಅದನ್ನು ಹೇಳುವಾಗ ನನಗೆ ಅಂಥ ಭಾವವೇನೂ ಇರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದ್ದೆ. ವೀರೇಶ ಟೈರಿನ ಮೇಲೆ ಕಾಲಿಟ್ಟು ಒತ್ತಿ ನೋಡಿದರು. ಅವರು ಒಪ್ಪಿದರೆಂದು ಅದರಿಂದ ತಿಳಿಯಿತು. ಸುಬ್ಬಾರಾವ್ ಹಳೇ ಸ್ಕೂಟರಿನ ಬೆಲೆಗೆ ಕೊಟ್ಟರು. ಜಾಗ ಖಾಲಿಯಾದರೆ ಸಾಕಿತ್ತು ಅವರಿಗೆ.

ನನಗೆ ಓಡಿಸಲು ಬರುತ್ತಿತ್ತು. ನನ್ನ ತವರು ಕುಷ್ಟಗಿ ಹತ್ತಿರದ ಹಳ್ಳಿ. ಸೈಕಲ್ಲಿಗಿಂತ ಮೊದಲು ಅಪ್ಪನ ಟ್ರ್ಯಾಕ್ಟರ್ ಕಲಿತವಳು ನಾನು. ಹಾಗಾಗಿ ಮುಂದಿನ ಭಾನುವಾರ ಮಿಲ್ಲಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿಕೊಂಡು ಹೊರಟಾಗ ಸ್ಟಿಯರಿಂಗ್ ಹಿಡಿದು ಕೂತವಳು ನಾನೇ. ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಆನೆಗೊಂದಿ ದಾಟಿ ಬಂಡೆಗುಡ್ಡಗಳ ನಡುವಿನ ರಸ್ತೆಯಲ್ಲಿ ಎದುರಿಗೆ ಬರುವ ಭತ್ತದ ಲಾರಿಗಳ ಗಾಲಿ ನನ್ನ ತಲೆಯ ಮಟ್ಟಕ್ಕೆ ಇರುತ್ತಿದ್ದವು. ಹಾಗೆ ಹೋಗಿ ಹಿಟ್ನಾಳದ ಹೆದ್ದಾರಿ ಬದಿಯ ಯಮನೂರಪ್ಪನ ಗ್ಯಾರೇಜು ಸೇರಿದೆವು.

ಯಮನೂರಪ್ಪ ಲಾರಿ, ಟ್ರ್ಯಾಕ್ಟರು ರಿಪೇರಿ ಮಾಡುವವನು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಗೆಣ್ಣಿನಿಂದ ಕುಟ್ಟಿ ನೋಡಿ, "ಇದು ತಗಡ ಅಲ್ಲಲ್ರಿ ಅಕ್ಕೋರ. ಫೈಬರ್ ಐತಿ. ಇಂಜಿನ್ ನಾ ನೋಡ್ತೀನಿ, ಮೈ ನನ್ನ ಕಡೆ ಆಗೂದಿಲ್ಲ" ಎಂದ. ಇಂಜಿನ್ನು ಒಂದು ಹಳೆಯ ವಿದೇಶಿ ಮಾದರಿಯದೆಂದೂ ಕ್ಲಚ್ಚು ಹಾಕಿದರೆ ತಿಂಗಳಲ್ಲಿ ಓಡುತ್ತದೆಂದೂ ಹೇಳಿದ.

ಅತ್ತೆಗೆ ನಾವು ಮೊದಲು ಹೇಳಿರಲಿಲ್ಲ. ಒಂದು ದಿನ ಹುಲಿಗೆಮ್ಮನ ದರ್ಶನಕ್ಕೆ ಕರೆದುಕೊಂಡು ಹೋದವರು ಬರುವಾಗ ಆಟೋ ನಿಲ್ಲಿಸಿ ಗ್ಯಾರೇಜಿನೊಳಗೆ ಕರೆದೊಯ್ದು ತೋರಿಸಿದೆವು. ಅವರು ಸೆರಗು ಸರಿಮಾಡಿಕೊಂಡು ಬಗ್ಗಿ ಒಳಗೆ ನೋಡಿದರು. ಹಿಂದಿನ ಸೀಟು ಇರಬೇಕಾದಲ್ಲಿ ಕೈ ಆಡಿಸಿದರು. ಅಲ್ಲಿ ಇದ್ದದ್ದು ಹೊದಿಕೆ ಮಡಚಿಡುವ ಒಂದು ಸಂದು ಮಾತ್ರ.

"ನಾ ಎಲ್ಲಿ ಕುಂದ್ರಲಿ ಇದರಾಗ?" ಎಂದರು.

"ಒಬ್ಬೊಬ್ಬರನ್ನ ಕರಕೊಂಡು ಹೋಗಾಕ ಬರ್ತೈತಿ ಬಿಡವ್ವ" ಎಂದರು ವೀರೇಶ.

ಅತ್ತೆ ನೆಟ್ಟಗೆ ನಿಂತು ಮಗನ ಮುಖ ನೋಡಿದರು, ಆಮೇಲೆ ನನ್ನ ಮುಖ. "ಹಂಗಾದ್ರ ನೀವು ಇಬ್ಬರೂ ಕೂಡಿ ತೀರ್ಮಾನ ಮಾಡೀರಿ" ಎಂದರು. ಕಾರಿನ ಬಗ್ಗೆ ಹೇಳಿದ್ದಲ್ಲ ಅದು. ಮೂವರಿಗೂ ಗೊತ್ತಿತ್ತು. ಮನೆಗೆ ಬಂದು ಅವರು ಸಂಜೆಯ ರೊಟ್ಟಿ ಬಡಿದರು, ಸರಿಯಾಗಿ ಊಟಕ್ಕೆ ಹಾಕಿದರು, ಆದರೆ ಮಾತು ನಿಂತಿತು. "ಪಲ್ಯ ಐತಿ", "ನೀರು ಬಂದಾವ", "ಕದ ಹಾಕು", ಇಷ್ಟೇ. ಹಾಗೆ ಮಳೆಗಾಲ ಬಂತು.

ಯಮನೂರಪ್ಪನ ತಿಂಗಳು ತಿಂಗಳಲ್ಲಿ ಮುಗಿಯಲಿಲ್ಲ. ಕ್ಲಚ್ಚು ಹಾಕಿ ಇಂಜಿನ್ ಶುರು ಮಾಡಿದಾಗ ಬಿಳಿ ಹೊಗೆ ಬಂದು, ಆಯಿಲಿನಲ್ಲಿ ನೀರು ಕೂಡಿ ಮಜ್ಜಿಗೆಯಂತಾಗಿತ್ತು. "ನಂದ ತಪ್ಪಾತ್ರಿ. ಮದ್ಲ ಬಿಚ್ಚಿ ನೋಡಬೇಕಿತ್ತು" ಎಂದ. ಎಲ್ಲ ಮತ್ತೆ ಬಿಚ್ಚಿದ. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಅಲೆದು ಅದೇ ಇಂಜಿನ್ನಿನ ಬೇರೊಂದು ಕಾರಿನ ಭಾಗಗಳನ್ನು ತಂದ. ಸಿಗದಿದ್ದವನ್ನು ಹೊಸಪೇಟೆಯ ಲೇತ್ ಅಂಗಡಿಯಲ್ಲಿ ಮಾಡಿಸಿದ. ಕೆಲವು ಸರಿಯಾದವು, ಕೆಲವು ಎರಡನೇ ಸಲಕ್ಕೆ ಸರಿಯಾದವು.

ಮೈಯ ಕೆಲಸಕ್ಕೆ ಮುನಿರಾಬಾದಿನ ಹನುಮಂತ ಸಿಕ್ಕ. ನದಿಯಲ್ಲಿ ಪ್ರವಾಸಿಗರನ್ನು ಕೂರಿಸಿ ತಿರುಗಿಸುವ ಹರಿಗೋಲುಗಳನ್ನು ಈಗ ಫೈಬರಿನಲ್ಲೂ ಮಾಡುತ್ತಾರೆ. ಹನುಮಂತನದು ಅದೇ ಕೆಲಸ. ಕಾರನ್ನು ನೋಡಿ, "ಹರಿಗೋಲಿಗೂ ಇದಕ್ಕೂ ಏನ್ ಫರಕಿಲ್ರಿ. ಅದರಾಗ ನೀರು ಒಳಗ ಬರಬಾರದು, ಇದರಾಗ ಗಾಳಿ" ಎಂದ. ಅವನು ಸೀಳುಗಳಿಗೆ ಗಾಜಿನ ನಾರಿನ ಬಟ್ಟೆ ಇಟ್ಟು ಅಂಟು ಹಚ್ಚಿ ಹೋಗುವನು. ಅದು ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿ ನುಣ್ಣಗೆ ಮಾಡುವುದು ನಮ್ಮ ಕೆಲಸ. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಾನೂ ವೀರೇಶನೂ ಹಿಟ್ನಾಳಕ್ಕೆ ಹೋಗಿಬಿಡುತ್ತಿದ್ದೆವು. ನಾನು ಉಜ್ಜುವುದು, ಇಲಿ ಕಡಿದ ವೈರುಗಳನ್ನು ಅವರು ಜೋಡಿಸುವುದು. ಗ್ಯಾರೇಜಿನ ಮಾಡಿನ ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳಿಸುತ್ತಿರಲಿಲ್ಲ. ಮಳೆ ನಿಂತಾಗ ಮಾತಾಡುತ್ತಿದ್ದೆವು. ವರ್ಷಗಳಿಂದ ಆಸ್ಪತ್ರೆಯ ತಾರೀಖು ಬಿಟ್ಟು ಬೇರೆ ಮಾತೇ ನಮ್ಮಲ್ಲಿ ಉಳಿದಿರಲಿಲ್ಲ. ಈಗ ಇಂಡಿಕೇಟರ್, ಹಾರ್ನು, ಯಾವ ಬಣ್ಣ ಎಂದು ಜಗಳ ಮಾಡುವಷ್ಟು ಮಾತು ಬಂದಿತ್ತು.

ಅಂಥ ಒಂದು ಭಾನುವಾರ ಅವರು ವೈರಿಗೆ ಟೇಪು ಸುತ್ತುತ್ತ, ತಲೆ ಎತ್ತದೆ, "ಸುಮಾ, ನಂಗ ಬ್ಯಾಡಾಗಿ ಎರಡು ವರ್ಷ ಆಗಿತ್ತು" ಎಂದರು.

"ಏನು?"

"ಆ ದವಾಖಾನಿ. ನೀ ಸಾಕಂತೀಯೇನೋ ಅಂತ ಕಾಯಾಕತ್ತಿದ್ದೆ."

ನಾನು ಉಜ್ಜುವುದನ್ನು ನಿಲ್ಲಿಸಿದೆ. ಎರಡು ವರ್ಷ ಎಂದರೆ ಎಷ್ಟು ಇಂಜೆಕ್ಷನ್ನುಗಳು ಎಂದು ಲೆಕ್ಕದ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಟ್ಟೆಯ ಮೇಲೆ ನಾನೇ ಚುಚ್ಚಿಕೊಂಡದ್ದು, ತೊಡೆ ಕಲ್ಲಾದದ್ದು, ಶಾಲೆಯಲ್ಲಿ ರಜೆಗೆ ಸುಳ್ಳು ಕಾರಣ ಕೊಟ್ಟದ್ದು. "ಮತ್ತ ಯಾಕ ಹೇಳಲಿಲ್ರಿ?" ಎಂದೆ.

"ನಾ ಸಾಕಂದ್ರ, ನಿನ್ನನ್ನ ಕೈಬಿಟ್ಟೆ ಅಂತ ತಿಳ್ಕೊಂಡೀ ಅಂತ."

ನಾನು ಕೈ ತೊಳೆದು, ಚೀಲ ತೆಗೆದುಕೊಂಡು ಹೆದ್ದಾರಿಗೆ ಬಂದು ಬಸ್ಸು ಹತ್ತಿದೆ. ಮುಂದಿನ ಎರಡು ಭಾನುವಾರ ಹಿಟ್ನಾಳಕ್ಕೆ ಹೋಗಲಿಲ್ಲ. ಅವರು ಒಬ್ಬರೇ ಹೋಗಿ ಬರುತ್ತಿದ್ದರು. ಮೂರನೆಯ ಭಾನುವಾರ ಅವರು ಬುತ್ತಿ ಕಟ್ಟಿಕೊಳ್ಳುವಾಗ ನೋಡಿದೆ, ಅವರ ಬೆರಳುಗಳ ತುದಿ ಕೆಂಪಗೆ ಸುಲಿದಿದ್ದವು. ವೈರಿನ ಕೆಲಸದ ಜೊತೆಗೆ ನನ್ನ ಭಾಗವನ್ನೂ ಅವರೇ ಉಜ್ಜುತ್ತಿದ್ದರು.

"ಹೇಳಬೇಕಿತ್ತು ನೀವು" ಎಂದೆ.

"ಹೌದು" ಎಂದರು.

ಬೇರೆ ಸಮಾಧಾನ ಹೇಳಲು ಅವರು ಪ್ರಯತ್ನಿಸಲಿಲ್ಲ. ನನಗೂ ಬೇಕಿರಲಿಲ್ಲ. ಬುತ್ತಿಗೆ ಇನ್ನೆರಡು ರೊಟ್ಟಿ ಇಟ್ಟುಕೊಂಡು ಜೊತೆಗೆ ಹೊರಟೆ. ಸಿಟ್ಟು ಒಮ್ಮೆಲೇ ಹೋಗಲಿಲ್ಲ. ಆ ಮಳೆಗಾಲ ಪೂರ್ತಿ ಸ್ವಲ್ಪ ಸ್ವಲ್ಪವಾಗಿ ಪಾಲಿಶ್ ಪೇಪರಿನ ಧೂಳಿನೊಂದಿಗೆ ಹೋಯಿತು.

ಆ ಧೂಳು ಕೆಟ್ಟದ್ದು. ಗಾಜಿನ ನಾರು ಚರ್ಮದೊಳಗೆ ಸೇರಿ ಕೈ ತುಂಬ ತುರಿಕೆ ಏಳುತ್ತಿತ್ತು. ಒಂದು ಸಂಜೆ ನಾನು ಅಡುಗೆಮನೆಯ ಕಟ್ಟೆಗೆ ಕೈ ಉಜ್ಜಿಕೊಳ್ಳುತ್ತಿದ್ದುದನ್ನು ನೋಡಿ ಅತ್ತೆ ಕೊಬ್ಬರಿ ಎಣ್ಣೆ ಬಟ್ಟಲು ತಂದು ಎದುರಿಗೆ ಕೂತರು. ನನ್ನ ಕೈ ಹಿಡಿದು ಮೊಣಕೈಯಿಂದ ಬೆರಳ ತುದಿಯವರೆಗೆ ಎಣ್ಣೆ ಹಚ್ಚಿದರು. ಹಚ್ಚಿ ಆದ ಮೇಲೆ, "ಉದ್ದ ತೋಳಿನ ಅಂಗಿ ಹಾಕ್ಕೊಂಡು ಹೋಗಬಾರದೇನು? ಅವನ ಹಳೇ ಅಂಗಿ ಅದಾವಲ್ಲ" ಎಂದರು. ಮರುವಾರ ಬುತ್ತಿಯ ಚೀಲದಲ್ಲಿ ಎರಡು ಹಳೇ ಅಂಗಿಗಳಿದ್ದವು, ಗುಂಡಿ ಹೊಲಿದು.

ದಸರೆಗೆ ಕಾರು ಸಿದ್ಧವಾಯಿತು. ಹಳೆಯ ಗಾಡಿ, ನೋಂದಣಿ ಹೊಸದು ಮಾಡಿಸಬೇಕಿತ್ತು. ಆರ್‌ಟಿಒ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರು ಸುತ್ತ ನೋಡಿ, ಲೈಟು ಹಾಕಿಸಿ, ಒಂದು ಸುತ್ತು ತಾವೇ ಓಡಿಸಿದರು. ಬಂದು, "ಬ್ರೇಕ್ ಇನ್ನೊಮ್ಮೆ ನೋಡ್ಬೇಕ್ರಿ" ಎಂದು ಹೊದಿಕೆ ಮಡಚಿಸಿ ಎರಡನೇ ಸುತ್ತು ಹೋದರು. ಆ ಸುತ್ತು ಮೊದಲಿನದಕ್ಕಿಂತ ಉದ್ದವಿತ್ತು. ಯಮನೂರಪ್ಪ ನನ್ನ ಕಡೆ ನೋಡಿ, "ಪಾಸ್ ಆತು ತಗೋರಿ" ಎಂದ.

ನಾನು ಅದನ್ನು ಭಾನುವಾರದ ಆಟಿಕೆಯಾಗಿ ಇಟ್ಟುಕೊಳ್ಳಲಿಲ್ಲ. ದಸರೆ ರಜೆ ಮುಗಿದ ದಿನದಿಂದಲೇ ಶಾಲೆಗೆ ತೆಗೆದುಕೊಂಡು ಹೋದೆ. ಮೊದಲ ವಾರ ಹಳ್ಳಿಗಳಲ್ಲಿ ಜನ ನಿಂತು ನೋಡಿದರು, ಎರಡನೇ ವಾರ ಕೈ ಎತ್ತಿದರು, ಮೂರನೇ ವಾರ ಯಾರೂ ನೋಡಲಿಲ್ಲ. ರಸ್ತೆಯ ಉಬ್ಬುಗಳನ್ನು ಓರೆಯಾಗಿ ದಾಟುವುದು ಕಲಿತೆ. ಎರೆಹೊಲದ ಕೆಸರು ಟ್ರ್ಯಾಕ್ಟರಿನಿಂದ ರಸ್ತೆಗೆ ಬಿದ್ದ ಕಡೆ ಮೊದಲ ಗೇರಿನಲ್ಲಿ ಹೋಗುವುದು ಕಲಿತೆ. ಎಡಬದಿಯ ಕಿಟಕಿ ಕೆಳಗಿಳಿದರೆ ಕೈಯಿಂದ ಎಳೆದೇ ಏರಿಸಬೇಕಿತ್ತು. ಮಳೆ ಬಂದರೆ ಹೊದಿಕೆಯ ಒಂದು ಮೂಲೆಯಿಂದ ನನ್ನ ಬಲ ಭುಜದ ಮೇಲೆ ಹನಿ ಬೀಳುತ್ತಿತ್ತು. ಒಂದು ಟವೆಲ್ ಇಟ್ಟುಕೊಂಡೆ. ಶಾಲೆಗೆ ಬೇಗ ಹೋಗಿ, ಲೆಕ್ಕದಲ್ಲಿ ಹಿಂದುಳಿದ ಹುಡುಗಿಯರಿಗೆ ಗಂಟೆ ಹೊಡೆಯುವ ಮೊದಲು ಹೇಳಿಕೊಡಲು ಶುರು ಮಾಡಿದೆ. ಬಸ್ಸಿನ ದಿನಗಳಲ್ಲಿ ಅದು ಆಗದ ಮಾತಾಗಿತ್ತು.

ಹುರುಳಿ ಸುಗ್ಗಿಯಲ್ಲಿ ಮಾತ್ರ ಗಾಡಿ ಕೈಬಿಡುವುದರಲ್ಲಿತ್ತು. ಆಗ ನಮ್ಮ ಕಡೆ ರೈತರು ಕಿತ್ತ ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ, ಓಡಾಡುವ ಗಾಡಿಗಳೇ ತುಳಿದು ಒಕ್ಕಲಿ ಎಂದು. ಬಸ್ಸಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಕಾರಿನ ಹೊಟ್ಟೆ ನೆಲಕ್ಕೆ ತಾಗುವಂತಿತ್ತು. ಒಂದು ಬೆಳಿಗ್ಗೆ ಹುರುಳಿ ಬಳ್ಳಿ ಕೆಳಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊಗೆ ಎದ್ದಿತು. ಕಾಲ ಬಳಿಯಿಂದ ಹೊಗೆ ಒಳಗೆ ಬಂತು. ನಿಲ್ಲಿಸಿ ಇಳಿಯುವಷ್ಟರಲ್ಲಿ ಕೆಳಗೆ ಸಣ್ಣ ಉರಿ ಕಾಣುತ್ತಿತ್ತು. ಹುರುಳಿ ತಿರುವಿಹಾಕುತ್ತಿದ್ದ ಇಬ್ಬರು ಹೆಂಗಸರು ಓಡಿಬಂದರು. ಒಬ್ಬಾಕೆ ಕುಡಿಯಲು ತಂದ ಕೊಡದ ನೀರನ್ನು ಗಾಡಿಯ ಕೆಳಗೆ ಎರಚಿದಳು, ಇನ್ನೊಬ್ಬಾಕೆ ಮಣ್ಣು ತೂರಿದಳು. ಉರಿ ಆರಿತು. ನಾನು ರಸ್ತೆಯ ಬದಿ ಕೂತೆ.

ನೀರು ಎರಚಿದಾಕೆ ಖಾಲಿ ಕೊಡ ಹಿಡಿದು ಪಕ್ಕಕ್ಕೆ ಕೂತಳು. "ನಮ್ಮ ಹುರುಳಿಲಿಂದ ಹಿಂಗಾತ್ರಿ ಅಕ್ಕೋರ" ಎಂದಳು.

"ನನ್ನ ಗಾಡೀನ ಗಿಡ್ಡ ಐತ್ರಿ" ಎಂದೆ.

ಆಕೆ ಕಾರು ನೋಡಿ, "ಹೌದ್ರಿ, ಭಾಳ ಗಿಡ್ಡ ಐತಿ" ಎಂದಳು, ಮತ್ತು ಮೂವರೂ ನಕ್ಕೆವು. ಯಮನೂರಪ್ಪ ಮೊಪೆಡ್ ಹತ್ತಿ ಬಂದು ನೋಡಿದ. ಸುಟ್ಟ ಎರಡು ವೈರು ಬಿಟ್ಟರೆ ಹೆಚ್ಚಿಗೆ ಹಾನಿಯಾಗಿರಲಿಲ್ಲ. ಅವನು ಹೊಟ್ಟೆಗೆ ಒಂದು ತಗಡು ಬಡಿದು ಕೊಟ್ಟ. ಹುರುಳಿ ಮುಗಿಯುವ ತನಕ ನಾನು ಸುತ್ತುದಾರಿ ಹಿಡಿದು ಹೋದೆ. ಕಾರು ಮಾರಿಬಿಡಲೇ ಎಂದು ಒಂದೆರಡು ಸಲ ಅನಿಸಿದ್ದುಂಟು. ವೀರೇಶ ಸುಟ್ಟ ವೈರು ಬದಲಿಸುತ್ತ, "ನಿನ್ನಿಷ್ಟ. ನಂಗ ಬ್ಯಾಡ ಅನಿಸಿಲ್ಲ, ಈಗ ಹೇಳೇನಿ" ಎಂದರು. ಮಾರಲಿಲ್ಲ.

ಫೆಬ್ರವರಿಯಲ್ಲಿ ಅತ್ತೆಯ ಎಡಗಣ್ಣಿಗೆ ಪೊರೆ ಬಂದು ಗಂಗಾವತಿಯ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಶನ್ ಗೊತ್ತಾಯಿತು. ವೀರೇಶನಿಗೆ ಕಚೇರಿಯಲ್ಲಿ ಆಡಿಟ್, ರಜೆ ಇಲ್ಲ. ನಾನೇ ಕರೆದೊಯ್ಯುವುದೆಂದಾಯಿತು. ಅಲ್ಲಿಯವರೆಗೆ ಅತ್ತೆ ಆ ಕಾರಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಆ ಬೆಳಿಗ್ಗೆ ಬಾಗಿಲ ಬಳಿ ನಿಂತು, ಮೊದಲು ಕಾಲು ಇಡುವುದೋ ತಲೆ ತೂರಿಸುವುದೋ ತಿಳಿಯದೆ, ಕೊನೆಗೆ ನನ್ನ ಹೆಗಲು ಹಿಡಿದು ಹಿಂದುಹಿಂದಕ್ಕೆ ಸರಿದು ಕುಳಿತರು. "ನೆಲದ ಮ್ಯಾಲ ಚಾಪಿ ಹಾಸ್ಕೊಂಡು ಕುಂತಂಗ ಆತು" ಎಂದರು. ದಾರಿಯುದ್ದಕ್ಕೂ ಸೀಟಿನ ಅಂಚು ಹಿಡಿದಿದ್ದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗೆ ಕಾಯುವಾಗ ಅತ್ತೆಯ ದೂರದ ಸಂಬಂಧಿಯೊಬ್ಬಳು ಸಿಕ್ಕಳು. ಶಾಂತಮ್ಮ ಎಂದು ಹೆಸರು. ನಾವು ಕಾರಿನಿಂದ ಇಳಿದದ್ದನ್ನು ಆಕೆ ನೋಡಿದ್ದಳು. ಯೋಗಕ್ಷೇಮ ಕೇಳಿ ಮುಗಿಸಿ, ನನ್ನ ಮುಂದೆಯೇ ಅತ್ತೆಗೆ ಹೇಳಿದಳು: "ಅಲ್ಲಬೇ, ಎರಡ ಸೀಟಿನ ಗಾಡಿ ತಗೊಂಡಾರಲ್ಲ. ನಾಳೆ ಮಕ್ಕಳಾದ್ರ ಎಲ್ಲಿ ಕುಂದ್ರಸ್ತಾರ?"

ನಾನು ಎದ್ದು ನೀರು ತರುವ ನೆಪದಲ್ಲಿ ಹೊರಗೆ ಹೋಗುವವಳಿದ್ದೆ. ಎಂಟು ವರ್ಷ ಹಾಗೆಯೇ ಮಾಡಿದ್ದೆ. ಅತ್ತೆ ಕಣ್ಣಿಗೆ ಹನಿಸಿದ್ದ ಔಷಧವನ್ನು ಸೆರಗಿನ ತುದಿಯಿಂದ ಒರೆಸಿಕೊಂಡು, ದನಿ ಏರಿಸದೆ ಹೇಳಿದರು: "ಅವರಿಗೆ ಮಕ್ಕಳಾಗೂದಿಲ್ಲ ಶಾಂತಮ್ಮ. ಭಾಳ ನೋಡಿದರು, ಆಗಲಿಲ್ಲ. ಈಗ ಬಿಟ್ಟಾರ."

ಶಾಂತಮ್ಮ "ದೇವರು ದೊಡ್ಡಾಂವ ಅದಾನ" ಎಂದೇನೋ ಶುರು ಮಾಡಿದಳು.

"ದೊಡ್ಡಾಂವ ಅದಾನ, ಗೊತ್ತೈತಿ" ಎಂದರು ಅತ್ತೆ. "ನಿನ್ನ ಕಣ್ಣಿಗೆ ಏನಾಗೇತಿ, ಅದನ್ನ ಹೇಳು."

ನಮ್ಮ ಮನೆಯಲ್ಲಿ ಆ ವಾಕ್ಯವನ್ನು ಅದುವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನಾಗಲಿ ವೀರೇಶನಾಗಲಿ ನಮ್ಮಷ್ಟಕ್ಕೇ ಹೇಳಿಕೊಂಡಿರಲಿಲ್ಲ. ಅತ್ತೆ ಅದನ್ನು ಊರ ಮುಂದೆ, ಔಷಧದ ವಾಸನೆಯ ಪಡಸಾಲೆಯಲ್ಲಿ, ಮಳೆ ಬರಲಿಲ್ಲ ಎಂದಷ್ಟು ಸಹಜವಾಗಿ ಹೇಳಿದರು. ನಾನು ಎದ್ದು ಹೋಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತೆ.

ಆಪರೇಶನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಧೂಳು ತಾಗಬಾರದೆಂದು ಎರಡೂ ಕಿಟಕಿ ಏರಿಸಿ ನಿಧಾನಕ್ಕೆ ಹೊರಟೆ. ಎಡಗಡೆ ಕಾಲುವೆ ತುಂಬಿ ಹರಿಯುತ್ತಿತ್ತು. ನಾಟಿ ಮಾಡಿದ ಭತ್ತ ಆಗಷ್ಟೇ ಹಸಿರಾಗುತ್ತಿತ್ತು. ಸ್ವಲ್ಪ ದೂರ ಅತ್ತೆ ಎಲ್ಲವನ್ನೂ ಹೊಸದಾಗಿ ಕಂಡವರಂತೆ ನೋಡುತ್ತ ಬಂದರು. ಗುಡ್ಡದ ಬಂಡೆಗಳು ಬರುವಷ್ಟರಲ್ಲಿ ನನ್ನ ಕಡೆ ತಿರುಗಿದರು.

"ಸುಮಾ, ಆ ಇಂಜಕ್ಷನ್ ಭಾಳ ನೋವಾಗ್ತಿದ್ದುವೇನು?"

ಇಷ್ಟು ವರ್ಷದಲ್ಲಿ ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಡಾಕ್ಟರಮ್ಮ ಕೂಡ ಎಲ್ಲಿ ಚುಚ್ಚಬೇಕೆಂದು ತೋರಿಸಿದ್ದರೇ ಹೊರತು ಕೇಳಿರಲಿಲ್ಲ.

"ಆಗ್ತಿದ್ದುವ್ರಿ" ಎಂದೆ.

ಅವರು ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ಗೇರು ಬದಲಿಸಬೇಕಾದರೆ ಕೈ ಎತ್ತಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹಿಂದೆ ಬಂದ ಲಾರಿಗಳೆಲ್ಲ ಹಾರ್ನು ಹೊಡೆದು ದಾಟಿಕೊಂಡು ಹೋದವು. ಹಿಟ್ನಾಳ ಬರುವವರೆಗೆ ಮೂರನೇ ಗೇರಿನಲ್ಲೇ ಓಡಿಸಿದೆ.